ಖಂಡೆಯ ನಮ್ಮದು, ನೇಗಿಲು ಯಾರದು?

ಜೇಜುರಿಯ ಖಂಡೋಬ ಮೂಲತಃ ಕನ್ನಡದ ಮೈಲಾರ ಎಂಬ ಮಾತಿಗೆ ನಮ್ಮ ತಕರಾರೇನೂ ಇಲ್ಲ. ಅದನ್ನು ನಾವೂ ನಂಬುತ್ತೇವೆ. ನಂಬುವುದಕ್ಕೆ ಬೇಕಾದಷ್ಟು ಆಧಾರಗಳಿವೆ. ಭಂಡಾರ ತೂರುತ್ತ ಬೆಟ್ಟದ ಮೆಟ್ಟಿಲೇರುವ ಮರಾಠಿ ಭಕ್ತರ ‘ಯೇಳಕೋಟ’ದೊಳಗೆ ನಮ್ಮ ‘ಏಳುಕೋಟಿ’ ಸ್ಪಷ್ಟವಾಗಿಯೇ ಕೇಳಿಸುತ್ತದೆ. ಹಡಗಲಿ ಸೀಮೆಯ ಮೈಲಾರದ ಗೊರವನಿಗೂ ಜೇಜುರಿಯ ವಾಘ್ಯಾನಿಗೂ ನಡುವಿನ ದೂರ ಭಾಷೆಯದೇ ಹೊರತು ಭಾವದ್ದಲ್ಲ. ಕಬ್ಬಿಣದ ಸರಪಳಿ ಹರಿಯುವ ಸೇವೆ ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಮರಾಠಿ ಜನಪದವೇ ಈ ದೇವರನ್ನು ‘ಕಾನಡಾ’ ಎಂದು ಕರೆಯುತ್ತ ಬಂದಿರುವಾಗ ಸಾಕ್ಷಿಗಾಗಿ ನಾವು ಬಹಳ ಅಲೆಯಬೇಕಾಗಿಲ್ಲ. ಇಂದಿನ ಮಹಾರಾಷ್ಟ್ರದ ನೆಲದಡಿಯಲ್ಲಿ ಕನ್ನಡದ ಪದರವೊಂದು ಇದೆಯೆಂಬುದನ್ನು ಶಂ.ಬಾ. ಜೋಶಿಯವರು 1930ರ ದಶಕದಲ್ಲಿಯೇ ವಾದಿಸಿ ಬರೆದರು.

ನಮ್ಮ ತಕರಾರು ಈ ಮಾತಿನ ಆಚೆಗಿದೆ. ಪುಣೆಯ ಕನ್ನಡ ಬಳಗಗಳು ಜೇಜುರಿಯ ಪ್ರವಾಸ ಕೈಗೊಂಡಾಗಲೆಲ್ಲ ಒಂದು ಉಪನ್ಯಾಸವಿರುತ್ತದೆ. ಅದರಲ್ಲಿ ಮೈಲಾರನ ಮೂಲದ ಚರ್ಚೆ ಬರುತ್ತದೆ, ಶಂಬಾ ಬರುತ್ತಾರೆ, ಖಂಡೋಬನನ್ನು ಹುಡುಕಿಕೊಂಡು ಧನಗರರ ಹಟ್ಟಿಗಳಲ್ಲಿ ವರ್ಷಗಟ್ಟಲೆ ತಿರುಗಿದ ಜರ್ಮನ್ ವಿದ್ವಾಂಸ ಗುಂಟರ್ ಸೊಂಥೈಮರ್ ಬರುತ್ತಾರೆ, ಇಂಗ್ಲಿಷ್ ಓದಿದವರೊಬ್ಬರು ಎದ್ದು ನಿಂತು 1976ರಲ್ಲಿ ಹೊರಬಂದ ಅರುಣ್ ಕೊಲಟ್ಕರರ ‘ಜೇಜುರಿ’ಯನ್ನು ನೆನೆಯುತ್ತಾರೆ. ಸಾಹಿತ್ಯದ ಊಟ ಇಲ್ಲಿಗೆ ಪೂರ್ಣವಾಗುತ್ತದೆ. ಬಸ್ಸು ಬೆಟ್ಟದ ಬುಡದಿಂದ ಹೊರಟು ಔದ್ಯೋಗಿಕ ವಸಾಹತಿನ ಬದಿಯಿಂದ ಪುಣೆಗೆ ಮರಳುತ್ತದೆ. ಅಲ್ಲಿ ಉರಿಯುವ ಉಕ್ಕಿನ ಕುಲುಮೆಯ ಕಡೆ ತಲೆಯೆತ್ತಿ ನೋಡಬೇಕೆಂದು ಯಾರಿಗೂ ಅನಿಸುವುದಿಲ್ಲ. ಆ ಕುಲುಮೆಯ ಹಿಂದಿರುವ ಹೆಸರು ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಿಂದ ಹೊರಟದ್ದು. ಬೆಟ್ಟದ ಮೇಲಿನ ದೇವರನ್ನು ನಮ್ಮವನೆಂದು ಸಾಧಿಸಲು ಸಾವಿರ ವರ್ಷ ಹಿಂದಕ್ಕೆ ಹೋಗಬಲ್ಲ ನಮ್ಮ ಸಭೆಗಳಿಗೆ ಬೆಟ್ಟದ ಕೆಳಗಿನ ಕಬ್ಬಿಣದ ನೂರೈವತ್ತು ವರ್ಷಗಳ ಕಥೆ ಏಕೆ ಬೇಡವಾಯಿತು? ಈ ಪ್ರಶ್ನೆಯನ್ನು ನಾವು ಜಗಳದ ದನಿಯಲ್ಲಿಯೇ ಕೇಳುತ್ತಿದ್ದೇವೆ.

ಮೊದಲು ಸಂಗತಿಗಳನ್ನು ಹೇಳಿಬಿಡುತ್ತೇವೆ. ಜೇಜುರಿಯ ಕಾರ್ಖಾನೆಯಲ್ಲಿ ಗುಜರಿ ಕಬ್ಬಿಣ ಮೊದಲಾದುವನ್ನು ವಿದ್ಯುತ್ತಿನ ಕುಲುಮೆಯಲ್ಲಿ ಕರಗಿಸಿ, ಶುದ್ಧಿಗೊಳಿಸಿ, ಬೇಕಾದ ಮಿಶ್ರಲೋಹಗಳನ್ನು ಬೆರೆಸಿ, ಉಕ್ಕಿನ ದುಂಡು ದಿಂಡುಗಳನ್ನಾಗಿ ಎರಕ ಹೊಯ್ಯುತ್ತಾರೆ. ಆ ದಿಂಡುಗಳು ಬಾರಾಮತಿಗೂ ಅಹಮದ್‌ನಗರಕ್ಕೂ, ಅಂದರೆ ಈಗಿನ ಅಹಿಲ್ಯಾನಗರಕ್ಕೂ, ಹೋಗಿ ಬೆಸುಗೆಯಿಲ್ಲದ ಕೊಳವೆಗಳಾಗುತ್ತವೆ. ಇಂಡಿಯನ್ ಸೀಮ್‌ಲೆಸ್ ಮೆಟಲ್ ಟ್ಯೂಬ್ಸ್ ಎಂಬ ಹೆಸರಿನಲ್ಲಿ ಬೆಳೆದ ಈ ಉದ್ಯಮವು 2022ರಲ್ಲಿ ಕಿರ್ಲೋಸ್ಕರ್ ಫೆರಸ್ ಕಂಪನಿಯ ಹಿಡಿತಕ್ಕೆ ಬಂತು. ಕಿರ್ಲೋಸ್ಕರ್ ಫೆರಸ್‌ನ ಬೀಡುಕಬ್ಬಿಣದ ಕುಲುಮೆಗಳಿರುವುದು ನಮ್ಮ ಕೊಪ್ಪಳದ ಬೇವಿನಹಳ್ಳಿಯಲ್ಲಿ. ಹೊಸಪೇಟೆಯಿಂದ ಕೊಪ್ಪಳದ ದಾರಿ ಹಿಡಿದವರೆಲ್ಲ ಅವುಗಳನ್ನು ಕಂಡಿರುತ್ತಾರೆ. ಜೇಜುರಿಯನ್ನೂ ಕನ್ನಡನಾಡನ್ನೂ ಇಂದು ಜೋಡಿಸಿರುವ ತಂತುಗಳಲ್ಲಿ ಒಂದು ಭಂಡಾರದ ಹಳದಿಯಾದರೆ ಇನ್ನೊಂದು ಕಬ್ಬಿಣದ ಕಪ್ಪು.

ಈ ಮನೆತನದ ಹೆಸರನ್ನು ಲೋಕಕ್ಕೆ ತಂದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿಯ ಸಮೀಪದ ಗುರ್ಲಹೊಸೂರಿನಲ್ಲಿ. ಈ ಊರಿನ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮರಾಠಿ ಸಂಗೀತ ನಾಟಕದ ಆದ್ಯನೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1843ರಲ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ. ‘ಮಹಾರಾಷ್ಟ್ರದ ಮೂಲ’ವನ್ನು ಬರೆದ ನಮ್ಮ ಶಂಬಾ ಜೋಶಿಯವರು 1896ರಲ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ! ಐವತ್ತಮೂರು ವರ್ಷಗಳ ಅಂತರದಲ್ಲಿ ಒಂದು ಸಣ್ಣ ಊರು ಮೂವರನ್ನು ಕೊಟ್ಟಿತು: ಒಬ್ಬ ರಂಗಕ್ಕೆ, ಒಬ್ಬ ಯಂತ್ರಕ್ಕೆ, ಒಬ್ಬ ಸಂಶೋಧನೆಗೆ. ಮೂವರಲ್ಲಿ ಕನ್ನಡ ಸಭೆಗಳು ಬಲ್ಲದ್ದು ಕೊನೆಯವರನ್ನು ಮಾತ್ರ. ಜೇಜುರಿಯ ಬೆಟ್ಟದ ಬುಡದಲ್ಲಿ ನಿಂತು ಶಂಬಾರ ಹೆಸರು ಹೇಳುವಾಗ, ಅವರ ಊರಿನವನೇ ಒಬ್ಬನ ಹೆಸರು ಎದುರಿನ ಚಿಮಣಿಗೆ ಅಂಟಿಕೊಂಡಿದೆಯೆಂದು ನಮ್ಮ ಉಪನ್ಯಾಸಕರಿಗೆ ಹೊಳೆಯುವುದಿಲ್ಲ.

ಲಕ್ಷ್ಮಣರಾಯರ ಬದುಕಿನಲ್ಲಿ ಕಾದಂಬರಿಕಾರನಿಗೆ ಬೇಕಾದುದೆಲ್ಲ ಇದೆ. ಚಿತ್ರಕಾರನಾಗಬೇಕೆಂದು 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದ ಹುಡುಗನಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂಬುದು ಎರಡು ವರ್ಷಗಳ ಮೇಲೆ ಗೊತ್ತಾಯಿತು. ಬಣ್ಣ ಬೇಡದ ಚಿತ್ರವೆಂದರೆ ಯಂತ್ರದ ನಕ್ಷೆ. ಆ ವಿದ್ಯೆಗೆ ಹೊರಳಿದರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಮಾಸ್ತರರಾದರು. ತಮಗೆ ಸಲ್ಲಬೇಕಾದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬನ ಪಾಲಾದಾಗ ರಾಜೀನಾಮೆ ಬರೆದು ಬೆಳಗಾವಿಗೆ ಹಿಂದಿರುಗಿದರು. (ಬಡ್ತಿಯ ಕಡತ ಮೇಜಿನಿಂದ ಮೇಜಿಗೆ ಸುತ್ತುವುದನ್ನೇ ನೋಡುತ್ತ ನಿವೃತ್ತಿಯ ವಯಸ್ಸಿಗೆ ಸಮೀಪಿಸುವ ನಮ್ಮಂಥ ಕೇಂದ್ರ ಸರಕಾರಿ ನೌಕರರಿಗೆ ಈ ರಾಜೀನಾಮೆಯ ರುಚಿ ಚೆನ್ನಾಗಿ ತಿಳಿಯುತ್ತದೆ.) ಅಲ್ಲಿ ಅಣ್ಣ ರಾಮೂಅಣ್ಣನೊಡನೆ 1888ರಿಂದ ನಡೆದುಬಂದಿದ್ದ ಸೈಕಲ್ ವ್ಯಾಪಾರವಿತ್ತು. ಸೈಕಲ್ ಮಾರುವುದರ ಜೊತೆಗೆ ಹತ್ತುವುದನ್ನೂ ಕಲಿಸಬೇಕಾದ ಕಾಲ ಅದು.

ಸೈಕಲ್ ಅಂಗಡಿಯಿಂದ ಮೇವು ಕತ್ತರಿಸುವ ಯಂತ್ರ ಬಂತು, ಮೇವಿನ ಯಂತ್ರದಿಂದ ನೇಗಿಲಿಗೆ ಬಂದರು. 1903ರಲ್ಲಿ ತಯಾರಾದ ಕಬ್ಬಿಣದ ನೇಗಿಲನ್ನು ರೈತರು ಮುಟ್ಟಲೊಪ್ಪಲಿಲ್ಲ. ಕಬ್ಬಿಣ ತಗುಲಿದರೆ ಭೂಮಿಗೆ ನಂಜೇರುತ್ತದೆಂಬ ಭಯ. ಮೊದಲ ಆರು ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರೆಭೂಮಿಯನ್ನು ಬಲ್ಲವರು ಈ ಎರಡು ವರ್ಷಗಳನ್ನು ಲಘುವಾಗಿ ಕಾಣಲಾರರು. ಮರದ ರಂಟೆಗೆ ಬಗ್ಗದ ಕರಿಕೆಯ ಬೇರು, ಒಂದಾಳುದ್ದ ಇಳಿದ ಬಿರುಕು, ನಾಲ್ಕು ಜೋಡಿ ಎತ್ತು ಹೂಡಿದರೂ ಮೇಲೆ ಮೇಲೆಯೇ ಗೀರಿ ಬರುವ ಕುಳ, ಇವೆಲ್ಲ ಯಾರ ಹೊಲದ ಕಷ್ಟಗಳು? ಬೆಳಗಾವಿ, ಧಾರವಾಡ, ವಿಜಯಪುರಗಳ ಹೊಲದವು. ಸಾಂಗಲಿ, ಸೊಲ್ಲಾಪುರಗಳವೂ ಹೌದು. ಕರಿಕೆಗೆ ಭಾಷೆಯ ಗಡಿ ಗೊತ್ತಿಲ್ಲವಾದ್ದರಿಂದ ಆ ನೇಗಿಲಿಗೂ ಗೊತ್ತಾಗಲಿಲ್ಲ.

ಬೆಳಗಾವಿಯ ಬಡಾವಣೆ ವಿಸ್ತರಿಸುವುದಕ್ಕೆಂದು ಪುರಸಭೆ ಜಾಗ ಬಿಡಿಸಿದಾಗ ಔಂಧ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿಗಳು ಕುಂಡಲ್ ರೋಡ್ ರೈಲ್ವೆ ನಿಲ್ದಾಣದ ಬಳಿ 32 ಎಕರೆ ಬಂಜರನ್ನೂ ಬಂಡವಾಳಕ್ಕೆ ಸಾಲವನ್ನೂ ಕೊಟ್ಟರು. ಆ ರಾಜರೂ ಚಿತ್ರಕಾರರು. ಬಣ್ಣ ಕಾಣದೆ ಚಿತ್ರ ಬಿಟ್ಟವನಿಗೆ ಬಣ್ಣ ಬಲ್ಲ ರಾಜನೊಬ್ಬ ನೆಲ ಕೊಟ್ಟನೆಂಬುದನ್ನು ನಾವು ಕಟ್ಟಿ ಹೇಳುತ್ತಿಲ್ಲ, ಚರಿತ್ರೆಯೇ ಹಾಗೆ ನಡೆದಿದೆ. 1910ರಲ್ಲಿ ಆ ಪಾಪಾಸುಕಳ್ಳಿಯ ಕಾಡಿನಲ್ಲಿ, ಹಾವುಗಳ ನಡುವೆ, ಕೆಲವೇ ಕುಟುಂಬಗಳೊಡನೆ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಅಸ್ಪೃಶ್ಯತೆಗೆ ಅಲ್ಲಿ ಎಡೆ ಕೊಡಲಿಲ್ಲ. ದರೋಡೆಯ ಶಿಕ್ಷೆ ಅನುಭವಿಸಿ ಬಂದವರನ್ನೇ ಊರ ಕಾವಲಿಗೆ ನೇಮಿಸಿದರು. ಮೊದಲ ಮಹಾಯುದ್ಧ ಬಂದು ಕಬ್ಬಿಣ, ಕಲ್ಲಿದ್ದಲು ಎರಡೂ ದುರ್ಲಭವಾದಾಗ ಕೊಲ್ಲಾಪುರದ ಶಾಹೂ ಮಹಾರಾಜರು ಹಳೆಯ ತೋಪುಗಳನ್ನು ಕರಗಿಸಲು ಕೊಟ್ಟರು, ತೋಪು ನೇಗಿಲಾಯಿತು. ಇಂಥದ್ದು ರಷ್ಯದಲ್ಲೋ ಜರ್ಮನಿಯಲ್ಲೋ ನಡೆದಿದ್ದರೆ ನಮ್ಮ ಭಾಷಣಕಾರರು ಈ ವೇಳೆಗೆ ಅದನ್ನು ಸವೆಸಿ ಹಾಕಿರುತ್ತಿದ್ದರು.

‘ಆದರೆ ಅವರ ಮಾತೃಭಾಷೆ ಮರಾಠಿ’ ಎಂಬ ಉತ್ತರ ಸಿದ್ಧವಾಗಿದೆಯೆಂದು ಬಲ್ಲೆವು. ನಿಜ, ಅವರ ಮನೆಮಾತು ಮರಾಠಿ. ಮನೆತನದ ಹೆಸರು ಬಂದದ್ದು ಕೊಂಕಣದ ಕಿರ್ಲೋಶಿ ಎಂಬ ಊರಿನಿಂದ. ಹಾಗಾದರೆ ಖಂಡೋಬನ ಇಂದಿನ ಮನೆಮಾತು ಯಾವುದು? ಅವನಿಗೆ ಆರತಿ ಎತ್ತುವವರ ಭಾಷೆ, ಅವನ ಜಾಗರಣದ ಹಾಡಿನ ಭಾಷೆ, ಅವನನ್ನು ಕುಲದೈವವೆಂದು ಒಪ್ಪಿ ಜೇಜುರಿಗೆ ಹೊನ್ನು ಸುರಿದ ಹೋಳ್ಕರರ ಭಾಷೆ ಯಾವುದು? ಅಲ್ಲಿ ನಮಗೆ ಮೂಲ ಮುಖ್ಯವಾಗುತ್ತದೆ, ಇಂದಿನ ಮಾತು ಗೌಣವಾಗುತ್ತದೆ. ಲಕ್ಷ್ಮಣರಾಯರ ಬಳಿಗೆ ಬಂದಾಗ ಮಾತು ಮುಖ್ಯವಾಗಿ ಹುಟ್ಟಿದ ನೆಲ ಗೌಣವಾಗುತ್ತದೆ. ಕನ್ನಡನಾಡಿನಿಂದ ಹೊರಟು ಮರಾಠಿನಾಡಿನಲ್ಲಿ ನೆಲೆಯೂರಿದ ಇಬ್ಬರಿಗೆ ಎರಡು ಅಳತೆಗೋಲು! ಒಂದೇ ಕೋಲಿನಿಂದ ಅಳೆಯುವುದಾದರೆ ಇಬ್ಬರನ್ನೂ ಒಳಗೆ ಕರೆಯಬೇಕು ಇಲ್ಲವೇ ಇಬ್ಬರನ್ನೂ ಮರಾಠಿಗರಿಗೆ ಬಿಟ್ಟುಕೊಟ್ಟು ಕೈತೊಳೆದುಕೊಳ್ಳಬೇಕು. ‘ಕಿರ್ಲೋಸ್ಕರ್ ನಮ್ಮವರು’ ಎಂಬ ಫಲಕ ಹಿಡಿದು ಪುಣೆಯ ಬೀದಿಗಿಳಿಯೋಣವೆಂದು ನಾವು ಹೇಳುತ್ತಿಲ್ಲ. ಹಕ್ಕುಪತ್ರದ ಜಗಳದಲ್ಲಿ ನಮಗೆ ಆಸಕ್ತಿಯಿಲ್ಲ. 1910ರ ಬೆಳಗಾವಿಯ ಪುರಸಭೆ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದಾದ್ದರಿಂದ ‘ಕನ್ನಡಿಗರು ಅವರನ್ನು ಹೊರಗಟ್ಟಿದರು’ ಎಂದು ಎದೆ ಬಡಿದುಕೊಳ್ಳುವುದೂ ಅನಗತ್ಯ. ತಿಳಿಯಬೇಕಾದವನನ್ನು ತಿಳಿಯದಿರಲು ಭಾಷೆಯನ್ನು ನೆಪ ಮಾಡಿಕೊಳ್ಳಬಾರದೆಂಬುದಷ್ಟೇ ನಮ್ಮ ಮಾತು.

ಅದು ನೆಪವೇ. ಭಾಷೆಯೇ ನಿಜವಾದ ಅಡ್ಡಿಯಾಗಿದ್ದರೆ ನಾವು ಜರ್ಮನರನ್ನೂ ಹೊರಗಿಡಬೇಕಾಗಿತ್ತು. ಆದರೆ ಕಿಟೆಲ್ ನಮಗೆ ಪೂಜ್ಯರು. 1894ರ ಅವರ ನಿಘಂಟಿನ ಋಣ ತೀರುವಂಥದ್ದಲ್ಲವಾದ್ದರಿಂದ ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಂತದ್ದು ಸರಿಯಾಗಿಯೇ ಇದೆ. ಅದೇ ಬಾಸೆಲ್ ಮಿಷನ್ನಿನವರಾಗಿ, ಮುದ್ರಣಾಲಯದ ಕೆಲಸಕ್ಕೆಂದು ಮಂಗಳೂರಿಗೆ ಬಂದ ಗಿಯಾರ್ಗ್ ಪ್ಲೆಬ್ಸ್ಟ್ ಎಂಬ ಇನ್ನೊಬ್ಬ ಜರ್ಮನನಿದ್ದ. ನೇತ್ರಾವತಿಯ ದಂಡೆಯ ಆವೆಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಹೆಂಚಿನ ಕಾರ್ಖಾನೆ ಹೂಡಿದವನು ಅವನೇ. ಹುಲ್ಲಿನ ಮಾಡು ಹೋಗಿ ಮಂಗಳೂರು ಹೆಂಚು ಬಂದದ್ದರಿಂದ ನಮ್ಮ ಮನೆಗಳ ಆಕಾರ, ಬೆಂಕಿಯ ಭಯ, ಮಳೆಗಾಲದ ನಿದ್ದೆ ಎಲ್ಲವೂ ಬದಲಾದವು. ಕನ್ನಡ ಕಥೆಗಳಲ್ಲಿ ಹೆಂಚಿನ ಮೇಲೆ ಸುರಿಯುವ ಮಳೆಗೆ ಲೆಕ್ಕವಿಲ್ಲ. ಆ ಹೆಂಚಿನವನ ಹೆಸರು ಬಲ್ಲವರನ್ನು ಬೆರಳ ಮೇಲೆ ಎಣಿಸಬಹುದು. ಇಬ್ಬರೂ ಜರ್ಮನರು, ಇಬ್ಬರೂ ಒಂದೇ ಮಿಷನ್ನಿನವರು, ಒಬ್ಬ ಪದ ಕೊಟ್ಟ, ಒಬ್ಬ ಮಾಡು ಕೊಟ್ಟ. ಪದ ಕೊಟ್ಟವನಿಗೆ ಮಾತ್ರ ನಮ್ಮಲ್ಲಿ ಮಣೆ.

ಜೇಜುರಿಯಲ್ಲಿಯೂ ಇದೇ ಕಥೆ. ಸೊಂಥೈಮರರನ್ನು ಬಲ್ಲ ನಮ್ಮ ಸಭೆಗಳಿಗೆ ರೈನ್‌ಹಾರ್ಡ್ ಮಾನಸ್‌ಮನ್ ಗೊತ್ತಿಲ್ಲ. ಆದರೆ ಜೇಜುರಿಯ ಉಕ್ಕಿನ ದಿಂಡು ಕೊಳವೆಯಾಗುವ ವಿದ್ಯೆಗೆ ದಾರಿ ತೆರೆದವನು ಅವನು. 1856ರಲ್ಲಿ ಹುಟ್ಟಿದ ಅವನೂ ಮರುವರ್ಷ ಹುಟ್ಟಿದ ತಮ್ಮ ಮ್ಯಾಕ್ಸನೂ ಜರ್ಮನಿಯ ರೆಮ್‌ಶೈಡ್ ಎಂಬ ಊರಿನಲ್ಲಿ ಅರಗಳನ್ನು ತಯಾರಿಸುವ ಕಾರ್ಖಾನೆಯ ಮಕ್ಕಳು. ಕಬ್ಬಿಣ ತಿಕ್ಕುವ ಅರಕ್ಕೆ ಎಂಥ ಉಕ್ಕು ಬೇಕೆಂಬುದನ್ನು ಅಂಬೆಗಾಲಿಡುವಾಗಿನಿಂದ ಕಂಡವರು. ಅದುವರೆಗೆ ಕೊಳವೆಯೆಂದರೆ ತಗಡನ್ನು ಸುರುಳಿ ಮಾಡಿ ಅಂಚಿಗೆ ಅಂಚು ಬೆಸೆದದ್ದು. ಉಗಿಯ ಒತ್ತಡ ಹೆಚ್ಚಿದಾಗ ಆ ಬೆಸುಗೆಯೇ ಬಿಟ್ಟು ಬಾಯ್ಲರುಗಳು ಸಿಡಿಯುತ್ತಿದ್ದವು. ಅಣ್ಣತಮ್ಮಂದಿರು ಕೆಂಪಗೆ ಕಾದ ದಿಂಡನ್ನು ಒಂದಕ್ಕೊಂದು ಓರೆಯಾಗಿ ನಿಂತ ಎರಡು ಉರುಳೆಗಳ ನಡುವೆ ತೂರಿಸಿದರು. ಉರುಳೆಗಳೆರಡೂ ಒಂದೇ ದಿಕ್ಕಿಗೆ ತಿರುಗುತ್ತ ದಿಂಡನ್ನು ಗಿರಗಿರನೆ ಸುತ್ತಿಸುತ್ತವೆ, ಓರೆಯಾಗಿರುವುದರಿಂದ ಮುಂದಕ್ಕೂ ನೂಕುತ್ತವೆ. ಸುತ್ತುತ್ತ ಹಿಸುಕಿಸಿಕೊಂಡ ಉಕ್ಕು ಹೊರಮೈಯಲ್ಲಿ ಬಿರಿಯುವುದಿಲ್ಲ, ನಟ್ಟನಡುವೆ ಬಿಟ್ಟುಕೊಳ್ಳುತ್ತದೆ. ಹಸಿ ಮಣ್ಣಿನ ಬತ್ತಿಯನ್ನು ಅಂಗೈಗಳ ನಡುವೆ ಹೊಸೆಯುತ್ತ ಹೋದರೆ ಒಳಗೆ ಪೊಳ್ಳು ಬೀಳುವಂತೆ. ಬಿಟ್ಟುಕೊಳ್ಳುವ ಆ ಜಾಗಕ್ಕೆ ಎದುರಿನಿಂದ ಒಂದು ಮೊನೆಯನ್ನು ಹಿಡಿದರೆ ದಿಂಡು ತನ್ನನ್ನು ತಾನೇ ಅದರ ಮೇಲೆ ಸುರಿದುಕೊಂಡು ಕೊಳವೆಯಾಗುತ್ತದೆ. ಕೊರೆಯುವ ಮಾತೇ ಇಲ್ಲ, ಬೆಸೆಯುವ ಮಾತೂ ಇಲ್ಲ. 1885ರಲ್ಲಿ ಇದಕ್ಕೆ ಪೇಟೆಂಟು ಸಿಕ್ಕಿತು.

ಅದೇ 1885ರಲ್ಲಿ ಗುರ್ಲಹೊಸೂರಿನ ಹುಡುಗ ಮುಂಬಯಿಯಲ್ಲಿ ಕುಂಚ ಹಿಡಿದಿದ್ದ. ಮುಂದಿನ ದಶಕದಲ್ಲಿ ಅವನು ಬೆಳಗಾವಿಯಲ್ಲಿ ಮಾರಿದ ಸೈಕಲ್ಲುಗಳಿದ್ದವಲ್ಲ, ಆ ಕಾಲದ ಸೈಕಲ್ಲಿನ ಹಗುರವಾದ ಚೌಕಟ್ಟಿಗೆ ಬೇಕಾದದ್ದು ಬೆಸುಗೆಯಿಲ್ಲದ ಉಕ್ಕಿನ ಕೊಳವೆಯೇ. ಲೋಹದ ಲೋಕದಲ್ಲಿ ಊರುಗಳು ಹೀಗೆ ತಮಗರಿವಿಲ್ಲದೆ ನಂಟಾಗುತ್ತವೆ. ನೂರ ಮೂವತ್ತು ವರ್ಷಗಳ ಮೇಲೆ ಅವನ ಮನೆತನದ ಕಂಪನಿಯೊಂದು ಅದೇ ಬಗೆಯ ಕೊಳವೆಗಳಿಗೆ ಜೇಜುರಿಯಲ್ಲಿ ಉಕ್ಕು ಎರೆಯುತ್ತಿದೆಯೆಂದರೆ, ಇದನ್ನು ಕಥೆಯೆನ್ನದೆ ಇನ್ನಾವುದನ್ನು ಕಥೆಯೆನ್ನಬೇಕು?

ಇಲ್ಲಿ ಇನ್ನೊಂದು ಆಕ್ಷೇಪವನ್ನು ನಾವು ಗೌರವದಿಂದ ಎದುರಿಸಬೇಕು. ಸಾಹಿತ್ಯದ ಬಳಗವೆಂದರೆ ಉದ್ಯಮಪತಿಗಳ ಭಟ್ಟಂಗಿ ಮಂಡಳಿಯಲ್ಲ. ಕಾರ್ಖಾನೆಗಳು ಹೊಗೆ ಉಗುಳುತ್ತವೆ, ಆಳು ಹಿಂಡುತ್ತವೆ, ಒಂದು ದಿನ ಬಾಗಿಲು ಹಾಕಿಕೊಂಡು ಹೋಗುತ್ತವೆ. ಅಂಥದರ ಹಾಡು ಏಕೆ ಹಾಡಬೇಕು? ಹಾಡಬೇಡಿ. ತಕರಾರನ್ನಾದರೂ ಬರೆಯಿರಿ! ಮಾನಸ್‌ಮನ್ ಸಹೋದರರು ತಮ್ಮ ಹೆಸರಿನ ಕಂಪನಿಯ ಆಡಳಿತದಿಂದ 1893ರಲ್ಲಿ ಹೊರಬಿದ್ದರು. ಆಮೇಲೆ ಮೊರಾಕ್ಕೋದ ಗಣಿಗಳಿಗೆ ಕೈಚಾಚಿ ಯುರೋಪಿನ ಸಾಮ್ರಾಜ್ಯಗಳ ಜಗಳಕ್ಕೆ ಕಟ್ಟಿಗೆ ಒಟ್ಟಿದರು. ಅವರು ಸಾಧುಗಳಾಗಿರಲಿಲ್ಲ. ಇತ್ತ ನಮ್ಮ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತು ಯಂತ್ರಗಳನ್ನು ಮಾಡಿ ಹೆಸರಾಯಿತು, ಒಂದು ಊರನ್ನೇ ಬೆಳೆಸಿತು, ಶತಮಾನ ತಿರುಗುವ ಹೊತ್ತಿಗೆ ನೆಲಕಚ್ಚಿತು. ಅಲ್ಲಿ ಮೂವತ್ತು ವರ್ಷ ಲೇತಿನ ಮುಂದೆ ನಿಂತವನ ಮನೆಯಲ್ಲಿ ಕಾರ್ಖಾನೆ ನಿಂತ ಮರುದಿನ ಏನು ನಡೆಯಿತೆಂಬುದನ್ನು ಯಾರು ಬರೆಯಬೇಕಾಗಿತ್ತು? ಕೊಪ್ಪಳದಲ್ಲಿ ಉಕ್ಕಿನ ಕಾರ್ಖಾನೆಗಳ ಧೂಳಿನ ವಿರುದ್ಧ ಜನ ಬೀದಿಗಿಳಿದಿದ್ದಾರೆ. ಅವರಿಗೂ ಬೇಕಾದದ್ದು ಕುಲುಮೆಯ ಒಳಹೊರಗನ್ನು ಬಲ್ಲ ಬರಹ. ತಿಳಿದು ಬಯ್ಯುವವನಿಗೆ ಇರುವ ಬಲ ತಿಳಿಯದೆ ಮೂಗು ಮುಚ್ಚಿಕೊಳ್ಳುವವನಿಗೆ ಬರುವುದಿಲ್ಲ. ಸಾಹಿತ್ಯ ಕಾಲಿಡದ ಜಾಗದಲ್ಲಿ ಕಂಪನಿಗಳ ಸ್ಮರಣಸಂಚಿಕೆಗಳು ಮಾತ್ರ ಉಳಿಯುತ್ತವೆ, ಅವುಗಳಲ್ಲಿ ಎಲ್ಲ ಸಂಸ್ಥಾಪಕರೂ ದೇವಮಾನವರೇ.

ಮರಾಠಿಯವರು ಹೀಗೆ ಮಾಡಲಿಲ್ಲವೆಂಬುದನ್ನು ನೆರೆಯಲ್ಲಿ ಬಾಳುವ ನಾವು ಕಾಣದಿರಲಾರೆವು. ನೇಗಿಲಿನ ಕಾರ್ಖಾನೆಯೊಳಗಿನಿಂದಲೇ 1920ರಲ್ಲಿ ‘ಕಿರ್ಲೋಸ್ಕರ್ ಖಬರ್’ ಹೊರಟಿತು. ಶಂಕರರಾವ್ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ಅದು ಬೆಳೆದು ‘ಕಿರ್ಲೋಸ್ಕರ್’ ಎಂಬ ಮಾಸಿಕವಾಯಿತು. 1930ರಲ್ಲಿ ‘ಸ್ತ್ರೀ’, 1934ರಲ್ಲಿ ‘ಮನೋಹರ್’ ಜೊತೆಗೂಡಿದವು. ಮರಾಠಿ ಮಧ್ಯಮವರ್ಗದ ಓದು, ಹೆಂಗಸರ ಬಿಡುಗಡೆಯ ಚರ್ಚೆ, ಅಂಧಶ್ರದ್ಧೆಯ ಮೇಲಿನ ದಾಳಿ, ಇವೆಲ್ಲ ಪಂಪು ಮತ್ತು ನೇಗಿಲು ತಯಾರಾಗುವ ಅಂಗಳದಲ್ಲಿ ಮುದ್ರಣವಾದವು. ಎರಕದ ಮನೆಗೂ ಅಕ್ಷರದ ಮನೆಗೂ ನಡುವೆ ಅಲ್ಲಿ ಗೋಡೆ ಏಳಲಿಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದಲ್ಲದೆ ಹೇಗೆ ಹೇಳುವುದೋ ನಮಗೆ ತಿಳಿಯದು.

ಕನ್ನಡಕ್ಕೆ ಲೋಹ ಪರಕೀಯವೆಂದು ಹೇಳುವಂತೆಯೂ ಇಲ್ಲ. ನಮ್ಮ ಮಾತಿನಲ್ಲಿ ಉಕ್ಕು ಬೇರೆ, ಬೀಡು ಬೇರೆ, ಕಿಟ್ಟ ಬೇರೆ. ಮೂಸೆ, ತಿದಿ, ಅಡಿಗಲ್ಲು, ಎರಕ, ಒಂದೊಂದಕ್ಕೂ ತೂಕವಿದೆ. ಇಂಗ್ಲಿಷಿನ ಲೋಹಶಾಸ್ತ್ರದಲ್ಲಿ ‘ವೂಟ್ಸ್’ ಎಂದು ಹೆಸರಾದ ಉಕ್ಕು ನಮ್ಮ ‘ಉಕ್ಕು’ ಪದದಿಂದಲೇ ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಪ್ರಬಂಧ ಓದಿದ; ಮುಂದೆ ಮೈಕೆಲ್ ಫ್ಯಾರಡೆ ಅದರ ಗುಟ್ಟು ಬಿಡಿಸಲು ಹೆಣಗಿದ. ರಾಜ್ಯೋತ್ಸವದ ಭಾಷಣಗಳಲ್ಲಿ ಈ ಸಂಗತಿ ಆಗಾಗ ಕೇಳಿಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಚಪ್ಪಾಳೆ ಬಿದ್ದ ಮೇಲೆ ಉಕ್ಕಿನ ಮಾತು ಮುಗಿಯುತ್ತದೆ. ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ನಮ್ಮ ತಲೆಮಾರು ಡಿಕನ್ಸ್‌ನ ‘ಹಾರ್ಡ್ ಟೈಮ್ಸ್’ ಓದಿ ಕೋಕ್‌ಟೌನಿನ ಹೊಗೆಯ ಬಗ್ಗೆ ಹದಿನೈದು ಅಂಕದ ಉತ್ತರ ಬರೆಯಿತು. ಹರಿಹರದ ಹೊಗೆಯ ಬಗ್ಗೆ ಯಾವ ಪರೀಕ್ಷಕರೂ ಕೇಳಲಿಲ್ಲ.

ಈ ಉಪೇಕ್ಷೆಯ ಬೆಲ್ಲ-ಬೇವು ಹೊರನಾಡಿನ ನಮಗೇ ಹೆಚ್ಚು ತಟ್ಟುತ್ತದೆಂಬುದು ನಮ್ಮ ಕೊನೆಯ ಮಾತು, ಎಲ್ಲಕ್ಕಿಂತ ದೊಡ್ಡ ಮಾತೂ ಅದೇ. ಪುಣೆಯಲ್ಲಿರುವ ಕನ್ನಡಿಗರಲ್ಲಿ ಎಷ್ಟೋ ಮಂದಿ ಇಲ್ಲಿಗೆ ಬಂದದ್ದು ಸಾಹಿತ್ಯಕ್ಕಾಗಿ ಅಲ್ಲ, ಸಂಗೀತಕ್ಕಾಗಿಯೂ ಅಲ್ಲ. ಪಿಂಪ್ರಿ, ಚಿಂಚವಡ, ಭೋಸರಿಗಳ ಕಾರ್ಖಾನೆಗಳಿಗಾಗಿ ಬಂದರು. ಫಿಟ್ಟರ್, ಟರ್ನರ್, ಮೋಲ್ಡರ್, ವೆಲ್ಡರ್ ಆಗಿ ಬೆಳಗಾವಿ, ಕಲಬುರಗಿ, ಬೀದರಗಳಿಂದ ಬಂದು, ಪಾಳಿ ಮುಗಿಸಿ ಮನೆಗೆ ಹೋಗಿ ಕನ್ನಡದಲ್ಲಿ ಉಣ್ಣುವವರು ಅವರು. ಬೆಳಗಾವಿಯ ಉದ್ಯಮಬಾಗದ ಎರಕದ ಮನೆಗಳನ್ನು ನೋಡಿದವರಿಗೆ ಆ ಊರಿನ ಕೈಗುಣ ಇಂದಿಗೂ ಸೋತಿಲ್ಲವೆಂಬುದು ಗೊತ್ತು. ನಮ್ಮ ಸಾಹಿತ್ಯ ಸಭೆಗಳಿಗೆ ಇವರು ಬರುವುದಿಲ್ಲ. ಬಂದರೂ ನವೆಂಬರಿನ ಆರ್ಕೆಸ್ಟ್ರಾಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತು ಹೋಗುತ್ತಾರೆ. ‘ಕಾರ್ಮಿಕರಿಗೆ ಓದುವ ಅಭಿರುಚಿ ಇಲ್ಲ’ ಎಂದು ಪದಾಧಿಕಾರಿಗಳು ಮರುಗುತ್ತಾರೆ. ಹತ್ತು ಗಂಟೆ ಕರಗಿದ ಲೋಹದ ಮುಂದೆ ನಿಂತು ಬಂದವನಿಗೆ ನೀವು ಓದಲು ಕೊಟ್ಟದ್ದಾದರೂ ಏನು? ಅವನು ದಿನವೂ ಮುಟ್ಟುವ ಒಂದು ವಸ್ತುವಿನ ಹೆಸರಾದರೂ ನಮ್ಮ ವಿಶೇಷಾಂಕಗಳಲ್ಲಿ ಇದೆಯೇ? ಅವನ ವಿದ್ಯೆಗೆ ಕುಲಪುರುಷನಿದ್ದಾನೆ, ಅವನು ಸವದತ್ತಿ ಸೀಮೆಯವನು, ನಕ್ಷೆ ಬರೆಯುವ ಮಾಸ್ತರನಾಗಿದ್ದವನು, 1956ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬಂಜರಿನಲ್ಲಿ ಊರು ಕಟ್ಟಿ ನಿಲ್ಲಿಸಿದ್ದವನು ಎಂದು ಅವನ ಮಕ್ಕಳಿಗೆ ಕನ್ನಡದಲ್ಲಿ ಹೇಳಿದವರುಂಟೇ? ಅವನ ಮಗಳು ಶಾಲೆಯಲ್ಲಿ ಕಿರ್ಲೋಸ್ಕರರ ಪಾಠವನ್ನು ಮರಾಠಿಯಲ್ಲಿ ಓದಿ ಬರುತ್ತಾಳೆ, ಕನ್ನಡವೆಂದರೆ ಅಜ್ಜಿಯ ಮಾತು, ದೇವರ ಹಾಡು ಎಂದು ತಿಳಿಯುತ್ತಾಳೆ. ಭಾಷೆ ಮನೆಯಿಂದ ಹೊರಡುವುದು ಹೀಗೆಯೇ. ಯಾರೂ ಓಡಿಸುವುದಿಲ್ಲ, ಅದಕ್ಕೆ ಮಾಡಲು ಕೆಲಸ ಕೊಡುವುದಿಲ್ಲ, ಅಷ್ಟೇ.

ಖಂಡೋಬನ ಹೆಸರಿನೊಳಗೇ ಖಡ್ಗವಿದೆಯೆಂದು ಬಲ್ಲವರು ಹೇಳುತ್ತಾರೆ. ಹಳಗನ್ನಡ ಓದಿದವರಿಗೆ ‘ಖಂಡೆಯ’ ಹೊಸ ಪದವಲ್ಲ. ದಸರೆಗೆ ಜೇಜುರಿಯಲ್ಲಿ ಸುಮಾರು 42 ಕಿಲೋ ತೂಗುವ ಖಂಡೆಯವನ್ನು ಎತ್ತಿ ಹಿಡಿಯುವ ಪಂದ್ಯ ನಡೆಯುತ್ತದೆ. ಅದನ್ನು ನೋಡಲು ನೂಕುನುಗ್ಗಲಿನಲ್ಲಿ ನಿಲ್ಲುವ ನಮ್ಮವರು ಅಂಥದೊಂದನ್ನು ಕಾಸಿ ಬಡಿದ ಕಮ್ಮಾರನ ಬಗ್ಗೆ ಒಮ್ಮೆಯಾದರೂ ಕೇಳಿದ್ದರೆ ನಾವು ಇಷ್ಟು ಬರೆಯಬೇಕಾಗಿರಲಿಲ್ಲ.

ಕೇಳುವುದಕ್ಕೆ ಈಗಲೂ ವ್ಯವಧಾನವಿದೆ, ಆದರೆ ಹೆಚ್ಚಿಲ್ಲ. ಹರಿಹರದ ಯಂತ್ರಪುರದಲ್ಲಿ ಮೊದಲ ದಶಕಗಳಲ್ಲಿ ಕೆಲಸಕ್ಕೆ ಸೇರಿದವರಲ್ಲಿ ಬದುಕಿರುವವರು ಎಂಬತ್ತು ದಾಟಿದ್ದಾರೆ. ಪುಣೆಯ ಎಂಜಿನ್ ಕಾರ್ಖಾನೆಗಳಿಗೆ 1960ರ, 70ರ ದಶಕಗಳಲ್ಲಿ ಬಂದ ಕನ್ನಡಿಗರು ನಮ್ಮ ನಿಮ್ಮ ಕಾಲೊನಿಗಳಲ್ಲಿಯೇ ಸಂಜೆ ಬೆಂಚಿನ ಮೇಲೆ ಕೂತಿರುತ್ತಾರೆ. ಅವರ ಮುಂದೆ ಒಂದು ಮೊಬೈಲು ಇಟ್ಟು ‘ಹೇಳಿ ಕಾಕಾ’ ಎಂದರೆ ಸಾಕು, ಕೆಲಸ ಆರಂಭವಾಗುತ್ತದೆ. ಪುಣೆಯಿಂದ ಬೆಳಗಾವಿಗೆ ಹೋಗುವ ರೈಲು ಮೊದಲು ಜೇಜುರಿಯನ್ನು ಹಾಯುತ್ತದೆ, ಸಾತಾರಾ, ಕರಾಡ ಕಳೆದ ಮೇಲೆ ಕಿರ್ಲೋಸ್ಕರವಾಡಿಯನ್ನು ಹಾಯುತ್ತದೆ, ಅಲ್ಲಿಂದ ಮಿರಜ. ಕುಂಡಲ್ ರೋಡ್ ಎಂದಿದ್ದ ನಿಲ್ದಾಣಕ್ಕೆ ನೇಗಿಲು ಮಾಡಿದವನ ಹೆಸರು ಬಂದಿದೆ. ಬಳಗದ ಮುಂದಿನ ಪ್ರವಾಸದ ಆಮಂತ್ರಣ ಇನ್ನೂ ಅಚ್ಚಾಗಿಲ್ಲವೆಂದು ಕೇಳಿದ್ದೇವೆ. ಜೇಜುರಿಯ ಕೆಳಗೆ ಕಿರ್ಲೋಸ್ಕರವಾಡಿಯ ಹೆಸರನ್ನೂ ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ನಾವು ಬರೆದಿದ್ದೇವೆ. ಜೂನ್ 20ಕ್ಕೆ ಸಮೀಪದ ಭಾನುವಾರವಾದರೆ ಅನುಕೂಲವೆಂದೂ ಸೂಚಿಸಿದ್ದೇವೆ.